ಕರಾವಳಿಯ ಹಿತ್ತಿಲಲ್ಲಿ ಊರ ಕೋಳಿ: ಮೊದಲ ಸಲ ಸಾಕುವವರಿಗೆ ಪೂರ್ತಿ ಮಾರ್ಗದರ್ಶಿ

ಜೂನ್, ಜುಲೈಯಲ್ಲಿ ಕೋಳಿಮರಿ ತರಬೇಡಿ. ಸಂತೆಯಲ್ಲಿ ಎಷ್ಟೇ ಚಂದದ ಮರಿ ಕಂಡರೂ, ಮಕ್ಕಳು ಎಷ್ಟೇ ಹಟ ಮಾಡಿದರೂ ಬೇಡ. ಬೇರೆಲ್ಲಾ ಆಮೇಲೆ ಹೇಳುತ್ತೇನೆ, ಇದೊಂದು ಮೊದಲು ತಲೆಯಲ್ಲಿರಲಿ.

ನಮ್ಮ ಮನೆ ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ಹದಿನೈದು ಸೆಂಟ್ಸ್ ಜಾಗ, ಅದರಲ್ಲಿ ಮನೆ, ಬಾವಿ, ನಾಲ್ಕು ತೆಂಗು, ಒಂದಿಷ್ಟು ಮಲ್ಲಿಗೆ ಗಿಡ, ಒಂದು ಬಸಳೆ ಚಪ್ಪರ. ಮೊದಲ ವರ್ಷ ನಾನು ಜೂನ್ ಎರಡನೇ ವಾರ ಹತ್ತು ಮರಿ ತಂದೆ. ಹಳೆ ಕಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು ಸಾಕಿದೆ. ನೆಲದಿಂದ ತೇವ ಮೇಲೆ ಬರುತ್ತಿತ್ತು, ಎರಚಲು ಒಳಗೆ ಬರುತ್ತಿತ್ತು, ಹಾಕಿದ ಮರದ ಹುಡಿ ಒಂದೇ ದಿನದಲ್ಲಿ ಮುದ್ದೆ. ಮೂರನೇ ವಾರಕ್ಕೆ ಹಿಕ್ಕೆಯಲ್ಲಿ ರಕ್ತ ಕಂಡಿತು. ಆಟಿ ತಿಂಗಳು (ಜುಲೈ ನಡುವಿನಿಂದ ಶುರುವಾಗುವ ತುಳು ತಿಂಗಳು) ಬರುವಾಗ ಉಳಿದದ್ದು ಎರಡು. ಆ ದಿನಗಳಲ್ಲಿ ಬೆಳಿಗ್ಗೆ ಪೆಟ್ಟಿಗೆ ತೆರೆಯುವುದೇ ಭಯವಾಗುತ್ತಿತ್ತು.

ಕೋಳಿ ಚಳಿ ತಡೆಯುತ್ತದೆ, ಸೆಕೆಯೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಒದ್ದೆ ಮಾತ್ರ ತಡೆಯುವುದಿಲ್ಲ. ಕೋಳಿ ಸಾಕಣೆ ಬಗ್ಗೆ ಸಿಗುವ ಹೆಚ್ಚಿನ ಮಾಹಿತಿ ಬಯಲುಸೀಮೆಯ ಹವೆಗೆ ಹೊಂದುವಂಥದ್ದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಅದನ್ನು ಹಾಗೆಯೇ ಮಾಡಿದರೆ ನಡೆಯುವುದಿಲ್ಲ. ಹಾಗಾಗಿ ಕೆಳಗೆ ನಾನು ಹೇಳುವ ಪ್ರತಿ ಹೆಜ್ಜೆಯಲ್ಲೂ ಒಣಗಿದ ಜಾಗ, ಒಣಗಿದ ನೆಲ, ಒಣಗಿದ ಕಾಳು ಅಂತ ಮತ್ತೆ ಮತ್ತೆ ಬರುತ್ತದೆ.

ಯಾವಾಗ ಶುರು ಮಾಡುವುದು

ನವರಾತ್ರಿ ಕಳೆದು ದೀಪಾವಳಿ ಹತ್ತಿರ ಬಂದಾಗ. ಮಳೆ ನಿಂತಿರುತ್ತದೆ, ನೆಲ ಒಣಗಲು ಶುರುವಾಗಿರುತ್ತದೆ, ಹೊಸ ಭತ್ತ ಬರುವುದರಿಂದ ಉಮಿ, ತೌಡು, ನುಚ್ಚು ಎಲ್ಲಾ ತಾಜಾ ಸಿಗುತ್ತದೆ. ನವೆಂಬರ್‌ನಲ್ಲಿ ತಂದ ಮರಿ ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳು ದಿನ) ಹೊತ್ತಿಗೆ ಆರು ತಿಂಗಳ ಕೋಳಿ. ಮೈತುಂಬ ಗರಿ, ಗಟ್ಟಿ ಕಾಲು. ಮೊದಲ ಮಳೆಗಾಲ ಅದು ದಾಟಿಬಿಡುತ್ತದೆ.

ಎಷ್ಟು ತರಬೇಕು? ಐದಾರು ಸಾಕು. ನಾಲ್ಕು ಜನರ ಮನೆಗೆ ಬೇಕಾದ ಮೊಟ್ಟೆಗೆ ಅದು ಧಾರಾಳ. ಇಪ್ಪತ್ತು ತಂದು ಹಿಕ್ಕೆ ತೆಗೆದು ಸೋತು, ಮೂರೇ ತಿಂಗಳಲ್ಲಿ ಕೊಟ್ಟುಬಿಟ್ಟವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಯಾವ ಕೋಳಿ

ನಿಮಗೆ ಏನು ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಊರ ಕೋಳಿ ಅಂದರೆ ನಾಟಿ, ವರ್ಷಕ್ಕೆ 50ರಿಂದ 60 ಮೊಟ್ಟೆ ಅಷ್ಟೇ ಇಡುತ್ತದೆ. ಆದರೆ ತಾನೇ ಕಾವಿಗೆ ಕೂರುತ್ತದೆ, ಮರಿಯನ್ನು ತಾನೇ ಸಾಕುತ್ತದೆ, ಗಿಡುಗನ ನೆರಳು ಕಂಡರೆ ಸಾಕು, ಕೂಗಿ ಮರಿಗಳನ್ನು ರೆಕ್ಕೆಯಡಿ ಸೇರಿಸುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ ವರ್ಷಕ್ಕೆ 130ರ ಮೇಲೆ ಮೊಟ್ಟೆ ಕೊಡುತ್ತದೆ, ಬೇಗ ತೂಕ ಬರುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ, ಮೈ ಭಾರ, ನಾಯಿ ಅಟ್ಟಿಸಿಕೊಂಡು ಬಂದರೆ ಹಾರಿ ತಪ್ಪಿಸಿಕೊಳ್ಳಲು ಕಷ್ಟ. ಆಮೇಲೆ ಬಂದ ಸ್ವರ್ಣಧಾರಾ ಅದಕ್ಕಿಂತ ಹಗುರ, ಮೊಟ್ಟೆಯೂ ಜಾಸ್ತಿ, 180ರ ಆಸುಪಾಸು. ಹೆಸರಘಟ್ಟದ ಕಾವೇರಿ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಹಿತ್ತಿಲಿಗೆ ಅಂತಲೇ ಮಾಡಿದ ತಳಿಗಳು.

ನನ್ನ ಲೆಕ್ಕ ಕೇಳಿದರೆ, ನಾಲ್ಕು ಸ್ವರ್ಣಧಾರಾ ಮತ್ತು ಎರಡು ಊರ ಕೋಳಿ ಒಟ್ಟಿಗೆ ಇಡಿ. ಮೊಟ್ಟೆ ಅವು ಕೊಡುತ್ತವೆ, ಕಾವು ಇವು ಕೂರುತ್ತವೆ. ಫಾರಂನವರು ಕೊಡುವ ಮೊಟ್ಟೆಕೋಳಿ ಪಂಜರದ ಜೀವನಕ್ಕೆ ಅಂತ ಬೆಳೆಸಿದ್ದು, ಹೊಸಬರಿಗೆ ನಾನು ಹೇಳುವುದಿಲ್ಲ.

ಹುಂಜ ಬೇಕಾ? ಮೊಟ್ಟೆ ಇಡಲು ಹುಂಜ ಬೇಡವೇ ಬೇಡ. ಇದನ್ನು ಎಷ್ಟೋ ಜನ ನಂಬುವುದಿಲ್ಲ. ಹೇಂಟೆ, ನಮ್ಮ ತುಳುವಿನ ಪೆರಡೆ, ಹುಂಜವಿಲ್ಲದೆಯೂ ಮೊಟ್ಟೆ ಇಡುತ್ತದೆ. ಅದರಲ್ಲಿ ಮರಿ ಮಾತ್ರ ಆಗುವುದಿಲ್ಲ. ಮಂಗಳೂರು ಪೇಟೆ ಒಳಗೆ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಇರುವವರು ಹುಂಜ ಇಡಬೇಡಿ, ಬೆಳಗ್ಗಿನ ಜಾವ ಮೂರೂವರೆಗೇ ಕೂಗಲು ಶುರು ಮಾಡುತ್ತದೆ. ಮರಿ ಬೇಕು ಅನ್ನುವವರಿಗೆ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹುಂಜ ಗಟ್ಟಿಯಾಗಿ ಬೆಳೆದರೆ ಅಂಕಕ್ಕೆ (ಕೋಳಿ ಕಾಳಗಕ್ಕೆ) ಕೊಡ್ತೀರಾ ಅಂತ ಕೇಳಿಕೊಂಡು ಬರುತ್ತಾರೆ. ಕೊಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗಳನ್ನು ಕಾದಾಡಿಸುವುದು ಅಪರಾಧ. ಕೈಯಾರೆ ನುಚ್ಚು ತಿನ್ನಿಸಿ ಬೆಳೆಸಿದ ಜೀವದ ಕಾಲಿಗೆ ಕತ್ತಿ ಕಟ್ಟಲು ಕೊಡುವುದು ನನ್ನ ಕೈಯಲ್ಲಿ ಆಗುವುದಿಲ್ಲ.

ಗೂಡು ಮೊದಲು, ಕೋಳಿ ಆಮೇಲೆ

ಮರಿ ತಂದ ಮೇಲೆ ಗೂಡು ಮಾಡಿದರಾಯಿತು ಅಂದುಕೊಂಡರೆ ಅದು ಆಗುವುದೇ ಇಲ್ಲ. ಮರಿ ಬರುವ ದಿನಕ್ಕೆ ಗೂಡಿನ ಚಿಲಕ ಕೂಡ ಸರಿ ಬೀಳುವಂತೆ ಇರಬೇಕು.

ಜಾಗ ಹುಡುಕುವಾಗ ಕಳೆದ ಮಳೆಗಾಲ ನೆನಪು ಮಾಡಿಕೊಳ್ಳಿ. ನೀರು ಎಲ್ಲಿ ನಿಂತಿತ್ತು, ಮಾಡಿನ ನೀರು ಎಲ್ಲಿ ಬೀಳುತ್ತಿತ್ತು, ಅದನ್ನು ಬಿಟ್ಟು ಎತ್ತರದ ಕಡೆ ನೋಡಿ. ತೆಂಗಿನ ಮರದ ಬುಡದಲ್ಲಿ ಬೇಡ, ಕಾಯಿ, ಮಡಲು ಬೀಳುತ್ತದೆ. ಬಾವಿಯಿಂದ ದೂರ ಇರಲಿ. ಅಡುಗೆ ಮನೆ ಕಿಟಕಿಯಿಂದ ಕಾಣುವ ಹಾಗಿದ್ದರೆ ಬಹಳ ಒಳ್ಳೆಯದು. ಹಗಲಲ್ಲಿ ಏನಾದರೂ ಗಲಾಟೆ ಆದರೆ ತಕ್ಷಣ ಗೊತ್ತಾಗುತ್ತದೆ.

ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ, ತೆಂಕು-ಪಡುವಣದಿಂದ. ಹಾಗಾಗಿ ಗೂಡಿನ ಪಡು ಬದಿ ಪೂರ್ತಿ ಮುಚ್ಚಿರಬೇಕು, ಬಾಗಿಲು ಮತ್ತು ಜಾಲರಿ ಮೂಡು ಬದಿಗೆ ಇರಲಿ. ಬೆಳಗಿನ ಬಿಸಿಲು ಒಳಗೆ ಬಿದ್ದರೆ ನೆಲ ತನ್ನಷ್ಟಕ್ಕೆ ಒಣಗುತ್ತದೆ.

ಆರು ಕೋಳಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು, ಅವು ಹಗಲು ಹೊರಗೆ ಇರುವುದಾದರೆ. ಒಂದು ಕೋಳಿಗೆ ಎರಡು ಚದರ ಅಡಿಗಿಂತ ಕಡಿಮೆ ಆದರೆ ಒಂದನ್ನೊಂದು ಕುಕ್ಕಲು ಶುರು ಮಾಡುತ್ತವೆ. ಗೂಡಿನ ನೆಲ ಭೂಮಿಯಿಂದ ಎರಡೂವರೆ ಅಡಿ ಎತ್ತರದಲ್ಲಿರಲಿ. ನಾವು ನಾಲ್ಕು ಮೂಲೆಗೆ ಕೆಂಪುಕಲ್ಲು ಕಟ್ಟಿ ಅದರ ಮೇಲೆ ಅಡಿಕೆ ಸಲಾಕೆ ಹಾಸಿದೆವು, ಸಲಾಕೆಗಳ ನಡುವೆ ಅರ್ಧ ಇಂಚು ಸಂದು ಬಿಟ್ಟು. ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿಯ ಕಾಲಿಗೆ ತೇವ ತಾಗುವುದಿಲ್ಲ, ಗಾಳಿ ಕೆಳಗಿನಿಂದಲೂ ಆಡುತ್ತದೆ. ಸಲಾಕೆಯ ಸಿಬಿರು ಕೆತ್ತಿ ನುಣುಪು ಮಾಡುವುದು ಮರೆಯಬೇಡಿ. ಅಂಗಾಲಿಗೆ ಚುಚ್ಚಿದರೆ ಕೀವು ತುಂಬಿ ಕೋಳಿ ಕುಂಟುತ್ತದೆ.

ಮಾಡಿಗೆ ಮಂಗಳೂರು ಹೆಂಚು ಸಿಕ್ಕಿದರೆ ಅದೇ ಒಳ್ಳೆಯದು. ತಗಡಿನ ಶೀಟು ಏಪ್ರಿಲ್‌ನಲ್ಲಿ ಬೆಂಕಿಯ ಹಾಗೆ ಕಾಯುತ್ತದೆ, ಶೀಟೇ ಹಾಕುವುದಾದರೆ ಬೇಸಗೆಯಲ್ಲಿ ಮೇಲೆ ಮಡಲು ಹೊದಿಸಿ. ಹೆಂಚು ಹಾಕಿದವರು ಅದರ ಅಡಿಯಲ್ಲಿ ಜಾಲರಿ ಹೊಡೆಯಲೇಬೇಕು, ಕಾಡುಬೆಕ್ಕು ಹೆಂಚು ಸರಿಸಿ ಒಳಗೆ ಇಳಿಯುತ್ತದೆ. ಮಾಡು ಎಲ್ಲಾ ಬದಿಗೂ ಎರಡು ಅಡಿ ಮುಂದೆ ಬರಲಿ. ಇದಕ್ಕೆ ಜಿಪುಣತನ ಮಾಡಿದರೆ ಜುಲೈಯಲ್ಲಿ ಎರಚಲು ಪೂರ್ತಿ ಒಳಗೇ ಬರುತ್ತದೆ.

ಜಾಲರಿ ವಿಷಯ. ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡುವ ತೆಳು ತಂತಿಯ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹರಿಯುತ್ತದೆ, ಹಾವು ಅದರ ಕಣ್ಣಿನಲ್ಲಿ ನುಗ್ಗುತ್ತದೆ. ಅರ್ಧ ಇಂಚು ಕಣ್ಣಿನ, ಬೆಸೆದ ದಪ್ಪ ಜಾಲರಿಯೇ ಬೇಕು. ದುಡ್ಡು ಜಾಸ್ತಿ ಆಗುತ್ತದೆ, ಹೌದು. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ.

ಒಳಗೆ ಕೂರಲು ಎರಡು ಇಂಚು ದಪ್ಪದ ಉರುಟು ಕೋಲು ಅಡ್ಡ ಕಟ್ಟಿ, ಒಂದು ಕೋಳಿಗೆ ಎಂಟು ಇಂಚು ಲೆಕ್ಕದಲ್ಲಿ. ಮೊಟ್ಟೆ ಇಡಲು ಒಂದಡಿ ಉದ್ದ, ಅಗಲ, ಎತ್ತರದ ಎರಡು ಪೆಟ್ಟಿಗೆ ಸಾಕು. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಕೋಳಿ ರಾತ್ರಿ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕುತ್ತದೆ, ಪೆಟ್ಟಿಗೆ ಎತ್ತರವಾದರೆ ಅಲ್ಲೇ ಮಲಗಿ ಅಲ್ಲೇ ಹಿಕ್ಕೆ ಹಾಕಿ ಮೊಟ್ಟೆಯೆಲ್ಲಾ ಗಲೀಜು.

ಮರಿ ತರುವುದು, ಮೊದಲ ನಾಲ್ಕು ವಾರ

ಮೂರು ದಾರಿ ಇದೆ. ತಾಯಿಕೋಳಿ ಜೊತೆ ಮರಿ ಸಿಕ್ಕಿದರೆ ಅದೇ ಅತ್ಯಂತ ಸುಲಭ, ನಿಮ್ಮ ಅರ್ಧ ಕೆಲಸ ಅವಳು ಮಾಡುತ್ತಾಳೆ. ಇಲ್ಲದಿದ್ದರೆ ಒಂದು ತಿಂಗಳು ದಾಟಿದ, ಲಸಿಕೆ ಆದ ಮರಿ ತನ್ನಿ. ಒಂದು ದಿನದ ಮರಿ ತರುವುದು ಮೂರನೆಯದು, ಕಡಿಮೆ ಬೆಲೆ, ಜಾಸ್ತಿ ಕೆಲಸ. ಕೊಳ್ಳುವಾಗ ಕಣ್ಣು ಹೊಳೆಯುತ್ತಿದೆಯಾ, ಹಿಂಬದಿ ಒಣಗಿ ಶುಚಿಯಾಗಿದೆಯಾ, ನೇರ ನಿಲ್ಲುತ್ತದಾ ನೋಡಿ. ಯಾವ ಲಸಿಕೆ, ಯಾವ ದಿನ ಹಾಕಿದ್ದು ಅಂತ ಕೇಳಿ ಬರೆದುಕೊಳ್ಳಿ. ಎಲ್ಲಿ ಕೇಳುವುದು ಅಂತ ಗೊತ್ತಿಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆ, ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮಂಗಳೂರಿನವರಿಗೆ ಕಂಕನಾಡಿಯ ಕೇಂದ್ರ ಇದೆ.

ಒಂದು ದಿನದ ಮರಿ ತಂದವರು ಹೀಗೆ ಮಾಡಿ. ಮನೆಯೊಳಗೆ ಗಾಳಿ ಹೊಡೆಯದ ಕೋಣೆಯಲ್ಲಿ ಒಂದೂವರೆ ಅಡಿ ಎತ್ತರದ ರಟ್ಟನ್ನು ಉರುಟಾಗಿ ನಿಲ್ಲಿಸಿ. ಮೂಲೆ ಇರಬಾರದು, ಹೆದರಿದಾಗ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಅಡಿಯದ್ದು ಉಸಿರುಗಟ್ಟಿ ಸಾಯುತ್ತದೆ. ಎರಡು ಇಂಚು ಉಮಿ ಹಾಸಿ, ಮೇಲೆ ಮೊದಲ ಮೂರು ದಿನ ಗೋಣಿ ಬಟ್ಟೆ. ನುಣುಪಾದ ಪೇಪರ್ ಹಾಕಿದರೆ ಕಾಲು ಜಾರಿ ಜಾರಿ ಅಗಲವಾಗಿಬಿಡುತ್ತದೆ, ಆಮೇಲೆ ಸರಿಯಾಗುವುದು ಕಷ್ಟ.

ಬಿಸಿಗೆ 60 ವಾಟಿನ ಹಳೆ ಕಾಲದ ತಂತಿ ಬಲ್ಬು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಬಿಸಿ ಕೊಡುವುದಿಲ್ಲ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಬಲ್ಬು ಒಂದೂವರೆ ಅಡಿ ಎತ್ತರದಲ್ಲಿ ತೂಗಲಿ, ಗಟ್ಟಿಯಾಗಿ ಕಟ್ಟಿ, ಉಮಿಗೆ ಬಿದ್ದರೆ ಬೆಂಕಿ. ಮೊದಲ ವಾರ ಮರಿ ಇರುವಲ್ಲಿ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಅಡಿಯಲ್ಲಿ ಗುಂಪಾಗಿ ಚೀಂವ್ ಚೀಂವ್ ಅಂತ ಕೂಗಿದರೆ ಚಳಿ. ದೂರ ಹೋಗಿ ಬಾಯಿ ಬಿಟ್ಟುಕೊಂಡಿದ್ದರೆ ಸೆಕೆ. ಎಲ್ಲ ಒಂದೇ ಬದಿಗೆ ಸರಿದಿದ್ದರೆ ಇನ್ನೊಂದು ಬದಿಯಿಂದ ಗಾಳಿ ಬರುತ್ತಿದೆ. ಅಲ್ಲಲ್ಲಿ ಹರಡಿ ತಿಂದು ಮಲಗಿದ್ದರೆ ಸರಿಯಾಗಿದೆ. ಕರೆಂಟ್ ಹೋದ ರಾತ್ರಿಗೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡಿ. ಕೆಂಡ ಮಾತ್ರ ಬೇಡ, ಹೊಗೆ ತಡೆಯುವುದಿಲ್ಲ.

ಬಂದ ಕೂಡಲೇ ಮೊದಲು ನೀರು, ಆಮೇಲೆ ತಿಂಡಿ. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಹಾಕಿ, ಒಂದೊಂದೇ ಮರಿ ಹಿಡಿದು ಕೊಕ್ಕಿನ ತುದಿ ಅದ್ದಿ ತೋರಿಸಿ. ನೀರಿನ ತಟ್ಟೆಗೆ ಸಣ್ಣ ಕಲ್ಲು ಹಾಕಿಟ್ಟರೆ ಮರಿ ಬಿದ್ದು ಒದ್ದೆ ಆಗುವುದಿಲ್ಲ. ಹಿಂಬದಿ ಹಿಕ್ಕೆ ಅಂಟಿ ಒಣಗಿದ್ದರೆ ಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ಮೆಲ್ಲ ತೆಗೆಯಿರಿ, ಎಳೆಯಬೇಡಿ.

ದೊಡ್ಡ ಮರಿ ತಂದವರು ಇನ್ನೊಂದು ಮಾಡಬೇಕು. ಒಂದು ವಾರ ಗೂಡಿನಿಂದ ಹೊರಗೆ ಬಿಡಬೇಡಿ. ಅದು ತನ್ನ ಮನೆ ಅಂತ ತಲೆಗೆ ಹೋಗಲು ಅಷ್ಟು ದಿನ ಬೇಕು. ಎಂಟನೇ ದಿನ ಸಂಜೆ, ಕತ್ತಲಾಗಲು ಒಂದು ಗಂಟೆ ಇರುವಾಗ ಬಿಡಿ, ಹೆಚ್ಚು ದೂರ ಹೋಗುವ ಮೊದಲೇ ಕತ್ತಲಾಗಿ ತಾವೇ ಒಳಗೆ ಬರುತ್ತವೆ. ಒಳಗೆ ಬಂದಾಗ ಒಂದು ಹಿಡಿ ನುಚ್ಚು ಹಾಕಿ, ಹಾಕುವಾಗ ಯಾವಾಗಲೂ ಒಂದೇ ರೀತಿ ಕರೆಯಿರಿ. ನಮ್ಮ ಅತ್ತೆ "ಬಾ ಬಾ ಬಾ" ಅಂದರೆ ಪಕ್ಕದ ಮನೆ ಹಿತ್ತಿಲಿನಿಂದಲೂ ಓಡಿ ಬರುತ್ತವೆ.

ತಿನ್ನಲು ಏನು ಕೊಡುವುದು

ಮೊದಲ ಎಂಟು ವಾರ ಮರಿಗಳಿಗೆ ಸ್ಟಾರ್ಟರ್ ಫೀಡ್ ಕೊಡಿ, ಅದರಲ್ಲಿ ಸುಮಾರು 20 ಶೇಕಡಾ ಪ್ರೋಟೀನ್ ಇರುತ್ತದೆ. ಇದರ ಬದಲು ಸುಮ್ನೆ ನುಚ್ಚು, ಅನ್ನ ಹಾಕಿದರೆ ಮರಿ ಬದುಕುತ್ತದೆ, ಬೆಳೆಯುವುದಿಲ್ಲ. ಮೊಟ್ಟೆಕೋಳಿಯ ಲೇಯರ್ ಫೀಡ್ ಮರಿಗೆ ಕೊಡಲೇಬಾರದು, ಅದರ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಹಾಳು ಮಾಡುತ್ತದೆ.

ದೊಡ್ಡ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ, ಅದರ ಎರಡು ಪಟ್ಟು ನೀರು ಕುಡಿಯುತ್ತದೆ. ಹಿತ್ತಿಲಲ್ಲಿ ಹುಳ, ಹುಲ್ಲು, ಗೆದ್ದಲು ಕೆದಕಿ ತಿನ್ನುವ ಕೋಳಿಗೆ ಅಷ್ಟು ಹಾಕಬೇಕಾಗಿಲ್ಲ. ನಮ್ಮಲ್ಲಿ ಬೆಳಿಗ್ಗೆ ಬಿಡುವಾಗ ಸ್ವಲ್ಪ, ಸಂಜೆ ಒಳಗೆ ಹೋಗುವಾಗ ಜಾಸ್ತಿ. ನುಚ್ಚು, ತೌಡು, ಸ್ವಲ್ಪ ತೆಂಗಿನ ಹಿಂಡಿ, ಇದರ ಜೊತೆ ಅರ್ಧದಷ್ಟು ಲೇಯರ್ ಫೀಡ್. ಹರಿವೆ, ನುಗ್ಗೆ ಸೊಪ್ಪು ಕಟ್ಟಿ ತೂಗಿಸಿದರೆ ಹಾರಿ ಹಾರಿ ತಿನ್ನುತ್ತವೆ. ಕುಚ್ಚಲಕ್ಕಿ ಅನ್ನ ಉಳಿದದ್ದು ಹಾಕಬಹುದು, ಅದೇ ಮುಖ್ಯ ಊಟ ಆಗಬಾರದು. ಹೊಟ್ಟೆಯಲ್ಲಿ ಕೊಬ್ಬು ತುಂಬಿದ ಕೋಳಿ ಮೊಟ್ಟೆ ನಿಲ್ಲಿಸುತ್ತದೆ.

ಮೀನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಭೂತಾಯಿ, ಬಂಗುಡೆ ತಲೆ ಬೇಯಿಸಿ ಜಜ್ಜಿ ವಾರಕ್ಕೆ ಎರಡು ಸಲ ಹಾಕಿ, ಒಳ್ಳೆಯ ಪ್ರೋಟೀನ್. ದಿನಾ ಹಾಕಿದರೆ ಮೊಟ್ಟೆಯೇ ಮೀನು ವಾಸನೆ ಹೊಡೆಯುತ್ತದೆ. ಉಪ್ಪು ಮೀನು, ಒಣಮೀನಿನ ಹುಡಿ ಬೇಡ, ಕೋಳಿಗೆ ಅಷ್ಟು ಉಪ್ಪು ವಿಷ.

ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶ ಬೇಕು, ಅದಕ್ಕೆ ನಮ್ಮ ಊರಿನಷ್ಟು ಅನುಕೂಲ ಬೇರೆಲ್ಲಿ ಇದೆ? ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು, ಒಣಗಿಸಿ, ಅಕ್ಕಿಕಾಳಿನಷ್ಟು ಸಣ್ಣದಾಗಿ ಕುಟ್ಟಿ ಒಂದು ಗೆರಟೆಯಲ್ಲಿ ಬೇರೆಯೇ ಇಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಮಳೆಗಾಲದಲ್ಲಿ ಫೀಡ್ ಚೀಲ ನೆಲದ ಮೇಲೆ ಇಡಬೇಡಿ, ಹದಿನೈದು ದಿನಕ್ಕಿಂತ ಹೆಚ್ಚಿನದ್ದು ತಂದಿಡಬೇಡಿ, ಮುಚ್ಚಳದ ಡ್ರಮ್ಮಿನಲ್ಲಿ ಹಾಕಿ. ಬೂಸ್ಟು ಹಿಡಿದ ಜೋಳ, ಹಿಂಡಿಯಲ್ಲಿ ಆಗುವ ವಿಷ ಕೋಳಿಯ ಲಿವರ್ ತಿನ್ನುತ್ತದೆ. ವಾಸನೆ ಬದಲಾಗಿದ್ದರೆ, ಹುಡಿ ಗಂಟುಗಂಟಾಗಿದ್ದರೆ, ಎಷ್ಟು ದುಡ್ಡು ಕೊಟ್ಟಿದ್ದರೂ ಗುಂಡಿಗೆ ಹಾಕಿ ಮುಚ್ಚಿ.

ಲಸಿಕೆ, ಕಾಯಿಲೆ

ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಮದ್ದಿಲ್ಲ. ಹಸಿರು ನೀರು ಹಿಕ್ಕೆ, ಬಾಯಿ ತೆರೆದು ಉಸಿರು, ಕುತ್ತಿಗೆ ತಿರುಚುವುದು, ಎರಡು ಮೂರು ದಿನದಲ್ಲಿ ಗೂಡೇ ಖಾಲಿ. ಲಸಿಕೆ ಹಾಕಿದರೆ ತಪ್ಪುತ್ತದೆ. ಐದರಿಂದ ಏಳನೇ ದಿನದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ (ಕೊಕ್ಕರೆ ರೋಗದ ಲಸಿಕೆ), ಎರಡನೇ ವಾರ ಗಂಬೋರೋ ಅನ್ನುವ ಇನ್ನೊಂದು ಕಾಯಿಲೆಯ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟಾ, ಎಂಟನೇ ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು, ಇದೂ ಕೊಕ್ಕರೆ ರೋಗಕ್ಕೇ. ಸಿಡುಬಿಗೆ ಆರೇಳು ವಾರದಲ್ಲಿ ರೆಕ್ಕೆಯ ಪೊರೆಗೆ ಚುಚ್ಚುತ್ತಾರೆ. ನಮ್ಮಲ್ಲಿ ಸೊಳ್ಳೆ ಜಾಸ್ತಿ, ಸಿಡುಬು ಹರಡುವುದು ಹೆಚ್ಚಾಗಿ ಸೊಳ್ಳೆಯಿಂದ, ಹಾಗಾಗಿ ಇದನ್ನು ಬಿಡಬೇಡಿ. ದಿನಾಂಕ ಪಕ್ಕಾ ಮಾಡಿಕೊಳ್ಳಲು ನಿಮ್ಮ ಪಶುವೈದ್ಯರನ್ನೇ ಕೇಳಿ.

ಕಷ್ಟ ಏನೆಂದರೆ ಲಸಿಕೆ ಬಾಟಲಿ ನೂರು ಕೋಳಿಯ ಲೆಕ್ಕದಲ್ಲಿ ಬರುತ್ತದೆ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿಗೆ ಒಂದು ಬಾಟಲಿ ತೆರೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ನಾವು ಬೀದಿಯ ಏಳೆಂಟು ಮನೆಯವರು ಸೇರಿ ಒಂದೇ ದಿನ ಇಟ್ಟುಕೊಂಡಿದ್ದೇವೆ. ಒಬ್ಬರು ಐಸ್ ಹಾಕಿದ ಫ್ಲಾಸ್ಕ್‌ನಲ್ಲಿ ತರುತ್ತಾರೆ, ಸಂಜೆ ತಂಪು ಹೊತ್ತಲ್ಲಿ ಮನೆ ಮನೆಗೆ ಹೋಗಿ ಹಾಕುತ್ತೇವೆ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ನಮ್ಮ ಮೊದಲ ಮರಿಗಳನ್ನು ಕೊಂದದ್ದು ರಕ್ತಭೇದಿ. ಅದರ ಕೀಟಾಣು ಒದ್ದೆ ಉಮಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಮೂರರಿಂದ ಎಂಟು ವಾರದ ಮರಿಗಳಿಗೆ ಅಪಾಯ ಜಾಸ್ತಿ. ಗರಿ ಕೆದರಿ ಕಣ್ಣು ಮುಚ್ಚಿ ಕೂತಿದ್ದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಆಂಪ್ರೋಲಿಯಂ ಅನ್ನುವ ಔಷಧಿ ನೀರಿಗೆ ಬೆರೆಸಿ ಕೊಡಲು ಹೇಳುತ್ತಾರೆ. ನಾನು ಆಗ ಅರಿಶಿನ, ಮಜ್ಜಿಗೆ ಅಂತ ಮೂರು ದಿನ ಕಳೆದೆ. ಆ ಮೂರು ದಿನ ಕಳೆಯದಿದ್ದರೆ ಅರ್ಧ ಮರಿಯಾದರೂ ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಹೇನಿಗೆ ಬಚ್ಚಲು ಒಲೆಯ ಬೂದಿ ಸಾಕು. ಬೂದಿ ಮತ್ತು ಒಣ ಮಣ್ಣು ಸಮ ಸಮ ಬೆರೆಸಿ ಮಳೆ ಬೀಳದ ಜಾಗದಲ್ಲಿ ಒಂದು ಹಳೆ ಟಯರ್ ಒಳಗೆ ಹಾಕಿಡಿ, ಕೋಳಿ ಅದರಲ್ಲಿ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತದೆ. ಕಾಲಿನ ಸಿಪ್ಪೆ ಎದ್ದು ದಪ್ಪವಾಗಿದ್ದರೆ ಅದೂ ಒಂದು ಕೀಟವೇ, ತೆಂಗಿನೆಣ್ಣೆ ವಾರಕ್ಕೆ ಎರಡು ಮೂರು ಸಲ ಹಚ್ಚಿ. ಹೊಸ ಕೋಳಿ ತಂದರೆ ಮೂರು ವಾರ ಬೇರೆ ಇಡಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ತೋಡಿಗೆ ಎಸೆಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. 1962ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಹೊಂಚು ಹಾಕುವವರು

ಹಗಲು ಮುಂಗುಸಿ, ನಮ್ಮ ಕಡೆ ಕೀರಿ ಅನ್ನುವುದು. ಜೊತೆಗೆ ಗಿಡುಗ, ಕಾಗೆ, ಬೀದಿನಾಯಿ. ರಾತ್ರಿ ಕಾಡುಬೆಕ್ಕು, ಹೆಬ್ಬಾವು, ಹೆಗ್ಗಣ. ಮರಿ ಎರಡು ತಿಂಗಳು ದಾಟುವವರೆಗೆ ಮೇಲೆ ಬಲೆ ಇಲ್ಲದ ಜಾಗಕ್ಕೆ ಬಿಡಬೇಡಿ, ಕಾಗೆ ಸಹ ಹೊತ್ತುಕೊಂಡು ಹೋಗುತ್ತದೆ. ಬೇಲಿಯ ಬುಡದ ಪೊದೆ ಸವರಿ, ಕೀರಿ ಬಯಲು ದಾಟಿ ಬರಲು ಹಿಂಜರಿಯುತ್ತದೆ. ಗೂಡಿನ ಬಾಗಿಲು ಕತ್ತಲಾಗುವ ಮೊದಲು ಮುಚ್ಚಿ, ಮುಚ್ಚುವಾಗ ಎಣಿಸಿ. ನಮ್ಮಲ್ಲಿ ಒಂದು ರಾತ್ರಿ ಯಕ್ಷಗಾನಕ್ಕೆ ಹೊರಟ ಗಡಿಬಿಡಿಯಲ್ಲಿ ಚಿಲಕ ಹಾಕಿರಲಿಲ್ಲ. ಬೆಳಿಗ್ಗೆ ಮೂರು ಕೋಳಿ ಇರಲಿಲ್ಲ, ಗರಿ ಬಾವಿಕಟ್ಟೆ ತನಕ ಹರಡಿತ್ತು. ಅಂದಿನಿಂದ ಮುಚ್ಚುವ ಕೆಲಸ ಒಬ್ಬರಿಗೇ ಅಂತ ಗೊತ್ತು ಮಾಡಿದ್ದೇವೆ. "ನೀನು ಮುಚ್ಚಿದ್ದಿ ಅಂದುಕೊಂಡೆ" ಅನ್ನುವ ಮಾತು ಈಗ ಬರುವುದಿಲ್ಲ.

ಗೂಡಿನಲ್ಲಿ ಹಾವು ಕಂಡರೆ ಕೈ ಹಾಕಬೇಡಿ, ಹೊಡೆಯಬೇಡಿ. ಹೆಬ್ಬಾವು, ನಾಗರಹಾವು ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಯವರಿಗೋ ಹಾವು ಹಿಡಿಯುವವರಿಗೋ ತಿಳಿಸಿ. ಆಮೇಲೆ ಅದು ಬಂದ ಸಂದು ಹುಡುಕಿ ಮುಚ್ಚಿ, ಒಂದು ಹಾವು ಬಂದ ದಾರಿಯಲ್ಲಿ ಇನ್ನೊಂದು ಬರುತ್ತದೆ. ಮೊಟ್ಟೆ ದಿನಾ ತೆಗೆದರೆ, ಚೆಲ್ಲಿದ ಕಾಳು ಸಂಜೆ ಗುಡಿಸಿದರೆ ಇಲಿ ಕಡಿಮೆ, ಇಲಿ ಕಡಿಮೆಯಾದರೆ ಹಾವೂ ಕಡಿಮೆ.

ಮಳೆಗಾಲ ದಾಟಿಸುವುದು

ಪತ್ತನಾಜೆಗೆ ಮೊದಲು ಒಂದು ದಿನ ಪೂರ್ತಿ ಇದಕ್ಕೇ ಇಡಿ. ಮಾಡಿನ ಹೆಂಚು ನೋಡಿ, ಒಡೆದದ್ದು ಬದಲಿಸಿ. ಪಡು ಬದಿಗೆ ಮಡಲಿನ ತಟ್ಟಿ ಕಟ್ಟಿ. ಗೂಡಿನ ಸುತ್ತ ಒಂದು ಕಣಿ ತೋಡಿ ನೀರು ಹರಿದು ಹೋಗುವಂತೆ ಮಾಡಿ. ನಾಲ್ಕೈದು ಚೀಲ ಉಮಿ ಒಣಗಿರುವಾಗಲೇ ತುಂಬಿಸಿ ಒಳಗೆ ಇಡಿ, ಜುಲೈಯಲ್ಲಿ ಒಣ ಉಮಿ ಎಲ್ಲೂ ಸಿಗುವುದಿಲ್ಲ.

ಟರ್ಪಾಲಿನಿಂದ ಎಲ್ಲಾ ಬದಿ ಬಿಗಿದು ಕಟ್ಟುವ ತಪ್ಪು ಮಾಡಬೇಡಿ. ಮಾಡಿನ ಕೆಳಗೆ ಒಂದು ಗೇಣು ಗಾಳಿಗೆ ಬಿಡಲೇಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನಿಮ್ಮ ಮುಖ ಒಳಗೆ ಹಾಕಿ ನೋಡಿ. ಕಣ್ಣು ಉರಿದರೆ ಹಿಕ್ಕೆಯ ಅಮೋನಿಯಾ ತುಂಬಿದೆ, ಕೋಳಿ ರಾತ್ರಿಯಿಡೀ ಅದನ್ನೇ ಉಸಿರಾಡಿದೆ ಅಂತ ಅರ್ಥ. ಕೆಳಗೆ ಬಿದ್ದ ಹಿಕ್ಕೆ ಎರಡು ದಿನಕ್ಕೊಮ್ಮೆ ಎಳೆದು ಹಾಕಿ, ಆ ಜಾಗಕ್ಕೆ ಬೂದಿ ಉದುರಿಸಿ. ಜಡಿಮಳೆಯ ದಿನ ಕೋಳಿಯನ್ನು ಹೊರಗೆ ಬಿಡಬೇಡಿ. ಹೊಳವಾದಾಗ ಒಂದೆರಡು ಗಂಟೆ ಬಿಟ್ಟರೆ ಸಾಕು. ನೆನೆದ ಕೋಳಿಯನ್ನು ಗೋಣಿಯಿಂದ ಒರೆಸಿ ಒಲೆಯ ಹತ್ತಿರ ಕೂರಿಸಿ.

ಬೇಸಗೆಗೆ ಇಷ್ಟು ಕಷ್ಟವಿಲ್ಲ. ನೆರಳು, ಮಣ್ಣಿನ ಪಾತ್ರೆಯಲ್ಲಿ ದಿನಕ್ಕೆ ಎರಡು ಮೂರು ಸಲ ಬದಲಿಸಿದ ತಣ್ಣೀರು, ಗೂಡಿನ ಸುತ್ತ ಗಾಳಿ. ಬಾಯಿ ತೆರೆದು ರೆಕ್ಕೆ ಎತ್ತಿ ನಿಂತಿದ್ದರೆ ಸೆಕೆ ಮೀರಿದೆ, ನೆರಳಿಗೆ ತಂದು ಕಾಲು ನೀರಿನಲ್ಲಿ ಅದ್ದಿ.

ಮೊಟ್ಟೆ, ಕಾವು

ಆರು ತಿಂಗಳ ಹತ್ತಿರ ಬರುವಾಗ ಜುಟ್ಟು ಕೆಂಪಾಗುತ್ತದೆ, ನೀವು ಬೆನ್ನು ಮುಟ್ಟಿದರೆ ಕುಕ್ಕರಿಸುತ್ತದೆ. ಆಗ ಮೊಟ್ಟೆ ಪೆಟ್ಟಿಗೆಗೆ ಒಣ ಹುಲ್ಲು ಹಾಕಿ, ಒಂದು ಉರುಟು ಬಿಳಿ ಕಲ್ಲು ಇಡಿ, ಇಲ್ಲೇ ಇಡಬೇಕು ಅಂತ ಗೊತ್ತಾಗುತ್ತದೆ. ಮೊದಲ ಮೊಟ್ಟೆಗಳು ಸಣ್ಣವು, ಚಿಂತೆ ಬೇಡ. ಮೊಟ್ಟೆ ತೊಳೆದು ಇಡಬೇಡಿ, ಮೇಲಿನ ಪೊರೆ ಹೋದರೆ ಬೇಗ ಕೆಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ಗರಿ ಉದುರಿಸುವ ಕಾಲದಲ್ಲಿ, ಮೋಡ ಕವಿದ ತಿಂಗಳಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ. ಕೋಳಿಗೆ ದಿನಕ್ಕೆ 14 ಗಂಟೆಯಷ್ಟು ಬೆಳಕು ಸಿಕ್ಕಿದರೆ ಮೊಟ್ಟೆ ಚೆನ್ನಾಗಿ ಬರುತ್ತದೆ, ನಮ್ಮಲ್ಲಿ ಬೇಸಗೆಯಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಬೇಕಾದರೆ ಸಂಜೆ ಒಂದು ಸಣ್ಣ ಬಲ್ಬು ಹಾಕಬಹುದು, ನಾನು ಹಾಕುವುದಿಲ್ಲ, ಅವುಗಳಿಗೂ ಸ್ವಲ್ಪ ವಿಶ್ರಾಂತಿ ಇರಲಿ.

ಊರ ಕೋಳಿ ಹನ್ನೆರಡು, ಹದಿನೈದು ಮೊಟ್ಟೆ ಇಟ್ಟ ಮೇಲೆ ಪೆಟ್ಟಿಗೆ ಬಿಟ್ಟು ಏಳುವುದಿಲ್ಲ. ಕೈ ಹಾಕಿದರೆ ಗರಿ ಉಬ್ಬಿಸಿ ಕುಕ್ಕುತ್ತದೆ. ಮರಿ ಬೇಕಾದರೆ ಒಂದು ವಾರದೊಳಗಿನ ಹತ್ತು ಮೊಟ್ಟೆ ಆರಿಸಿ, ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಮರಳು ಮತ್ತು ಹುಲ್ಲು ಹಾಕಿದ ಬುಟ್ಟಿಯಲ್ಲಿಟ್ಟು ಸಂಜೆ ಹೊತ್ತು ಅವಳನ್ನು ಕೂರಿಸಿ. ಕತ್ತಲು ಕತ್ತಲಾದ ಕೋಣೆ ಇರಲಿ. ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ನಮ್ಮ ಅತ್ತೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ ಇಡುತ್ತಾರೆ, ಅವರ ಅಮ್ಮನೂ ಹಾಗೇ ಮಾಡುತ್ತಿದ್ದರಂತೆ. ನಾನೂ ಅದನ್ನು ತೆಗೆಯುವುದಿಲ್ಲ. ದಿನಕ್ಕೊಮ್ಮೆ ಅವಳು ಎದ್ದು ತಿಂದು ನೀರು ಕುಡಿದು ಬರುತ್ತಾಳೆ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ, ಒಳಗೆ ಜೇಡರ ಬಲೆಯ ಹಾಗೆ ರಕ್ತನಾಳ ಕಂಡರೆ ಮರಿ ಇದೆ, ಬರೀ ತಿಳಿಯಾಗಿದ್ದರೆ ತೆಗೆಯಿರಿ. 18ನೇ ದಿನದಿಂದ ಮುಟ್ಟಲೇಬೇಡಿ. 21ನೇ ದಿನ ಬುಟ್ಟಿಗೆ ಕಿವಿ ಕೊಟ್ಟರೆ ಚಿಪ್ಪಿನೊಳಗಿಂದಲೇ ಕೂಗುವುದು ಕೇಳುತ್ತದೆ.

ಮರಿ ಬೇಡದಿದ್ದರೆ ಕಾವು ಬಿಡಿಸಬೇಕು. ಕೆಲವರು ನೀರಿನಲ್ಲಿ ಮುಳುಗಿಸುತ್ತಾರೆ, ಮಳೆಗಾಲದಲ್ಲಿ ಅದು ಅನ್ಯಾಯ. ತಳಕ್ಕೆ ಜಾಲರಿ ಇರುವ, ಗಾಳಿ ಆಡುವ ಪಂಜರದಲ್ಲಿ ನಾಲ್ಕು ದಿನ ನೀರು, ಕಾಳು ಕೊಟ್ಟು ಇಟ್ಟರೆ ಹೊಟ್ಟೆಯ ಬಿಸಿ ಇಳಿದು ಸರಿಯಾಗುತ್ತದೆ.

ಗಿಡಗಳು ಮತ್ತು ಗೊಬ್ಬರ

ಬಸಳೆ ಚಪ್ಪರಕ್ಕೆ ಮೂರಡಿ ಎತ್ತರ ಬಲೆ ಕಟ್ಟಿ, ಇಲ್ಲದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಎಲೆ ಎಲ್ಲಾ ಖಾಲಿ. ಮಲ್ಲಿಗೆ ಬುಡ ಕೆದಕದಂತೆ ಸುತ್ತ ಕಲ್ಲು ಜೋಡಿಸಿ. ಹಸಿ ಹಿಕ್ಕೆ ನೇರ ಗಿಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಒಂದು ಗುಂಡಿಯಲ್ಲಿ ಒಣ ಎಲೆ, ಹಿಕ್ಕೆ, ಮತ್ತೆ ಒಣ ಎಲೆ ಅಂತ ಪದರ ಹಾಕಿ, ಮಳೆ ಬೀಳದ ಹಾಗೆ ಮಡಲು ಮುಚ್ಚಿ, ನಾಲ್ಕೈದು ತಿಂಗಳು ಬಿಡಿ. ವಾಸನೆ ಪೂರ್ತಿ ಹೋಗಿ ಕಪ್ಪು ಹುಡಿ ಆದಾಗ ಒಂದೊಂದು ಮಲ್ಲಿಗೆ ಗಿಡಕ್ಕೆ ಎರಡು ಹಿಡಿ, ಬುಡದಿಂದ ಒಂದು ಗೇಣು ದೂರದಲ್ಲಿ.